ಎಲುಬಿಲ್ಲದ ಮಾಂಸ

ಅಜೆಕಾರು
೨೯-೭-೧೯೭೮

ಕಾಪುವಿನ ಕುಂಞಾಲಿ ಸಾಹುಕಾರರ ಮಗಳು ರಾಬಿಯಾ ಅವರಿಗೆ, ಲೂಯಿಸ್ ಮಾಡುವ ವಂದನೆಗಳು.

ನಿಮ್ಮ ತಂದೆಯವರಿಗೆ ಕನ್ನಡ ಓದಲು ಬಾರದು, ನನಗೆ ಬ್ಯಾರಿ ಭಾಷೆ ಬಾರದು. ಹಾಗಾಗಿ ಈ ಕಾಗದ ನಿಮ್ಮ ಹೆಸರಿಗೆ. ನಮ್ಮ ತೋಟದ ತೆಂಗಿನಕಾಯಿ ಹೊತ್ತು ಬರುವ ನಿಮ್ಮ ಲಾರಿಯಲ್ಲಿ ಒಂದು ಮುಚ್ಚಿದ ಬುಟ್ಟಿಯೂ ಬರುತ್ತದೆ. ಅದರೊಳಗಿರುವವನ ಹೆಸರು ಕ್ಯಾಪ್ಟನ್. ನನ್ನ ಆಲ್ಸೇಷಿಯನ್ ಹೆಣ್ಣುನಾಯಿಯ ಕೊನೆಯ ಸೂಲಿನ ಮರಿ. ಕೊಬ್ಬರಿ ಒಣಹಾಕಿದ ಅಂಗಳಕ್ಕೆ ಕಳ್ಳರು ಹೊಕ್ಕರೆಂದು ನಿಮ್ಮ ತಂದೆ ಹೇಳಿಕೊಂಡಾಗ ಕೊಡುತ್ತೇನೆಂದು ಮಾತು ಕೊಟ್ಟಿದ್ದೆ. ಬೇರೆ ಯಾರಾದರೂ ಕೇಳಿದ್ದರೆ ಕೊಡುತ್ತಿರಲಿಲ್ಲ.

ಮಿಲಿಟರಿಯಲ್ಲಿದ್ದಷ್ಟು ಕಾಲವೂ ನಾನು ಮಾಡಿದ್ದು ನಾಯಿಗಳನ್ನು ಪಳಗಿಸುವ ಕೆಲಸ. ಆದ್ದರಿಂದ ನನ್ನ ಮಾತನ್ನು ಅಕ್ಷರಶಃ ಪಾಲಿಸಿ. ನನ್ನ ಹೆಂಡತಿ ಸೆಲೀನ್ ಮರಿಗೆ ಇದುವರೆಗೆ ಗಂಜಿ, ಹಾಲು ಹಾಕಿ ಮುದ್ದು ಮಾಡಿದ್ದಾಳೆ. ಅದರಿಂದ ಅವನಿಗೆ ಹೊಟ್ಟೆ ಸರಿಯಿಲ್ಲ, ಮೈ ಪರಚಿಕೊಳ್ಳುತ್ತಾನೆ. ಇನ್ನು ಹಸಿ ಮಾಂಸಕ್ಕೆ ಬದಲಿಸಬೇಕು. ಮೊದಲು ಗಂಜಿಗೆ ಸ್ವಲ್ಪ ಕೊಚ್ಚಿದ ಮಾಂಸ ಬೆರೆಸಿ. ದಿನ ಹೋದ ಹಾಗೆ ಮಾಂಸ ಹೆಚ್ಚಿಸಿ, ಗಂಜಿ ಕಡಿಮೆ ಮಾಡಿ. ಎದೆಗೂಡಿನ ಮೆತ್ತಗಿನ ಎಲುಬು, ಬೋಟಿ, ಲಿವರ್ ಎಲ್ಲವನ್ನೂ ಕೊಡಿ, ಎಲ್ಲವೂ ಹಸಿಯಾಗಿಯೇ. ಬೇಯಿಸಿದ ಎಲುಬು ಮಾತ್ರ ಬೇಡ, ಅದು ಸೀಳಿ ಗಂಟಲಿಗೆ ಚುಚ್ಚುತ್ತದೆ. ನಿಮಗೆ ದೊಡ್ಡ ಖರ್ಚೇನೂ ಬೀಳುವುದಿಲ್ಲ, ಮಾಂಸದ ಅಂಗಡಿಯವರು ಎಸೆಯುವುದೇ ಅವನಿಗೆ ಸಾಕು.

ಸಾಕಲು ಆಗದಿದ್ದರೆ ನಾಚಿಕೆ ಬೇಡ, ಬರೆಯಿರಿ, ಬಂದು ಕರೆದುಕೊಂಡು ಹೋಗುತ್ತೇನೆ. ಕೆಟ್ಟುಹೋದ ನಾಯಿಯನ್ನು ನೋಡಲು ನನ್ನಿಂದ ಆಗುವುದಿಲ್ಲ.

ಇಂತು,
ಲೂಯಿಸ್


ಕಾಪು
೧೪-೮-೧೯೭೮

ಲೂಯಿಸ್ ಪೊರ್ಬುಗಳಿಗೆ ರಾಬಿಯಾಳ ಸಲಾಂ.

ಬುಟ್ಟಿ ತಲುಪಿತು, ಬುಟ್ಟಿಯಲ್ಲಿದ್ದವನೂ ತಲುಪಿದ. ಹಿರಿಯಡ್ಕ ದಾಟುವಷ್ಟರಲ್ಲಿ ಲಾರಿ ಡ್ರೈವರನ ಒಂದು ಚಪ್ಪಲಿ ಅವನ ಹೊಟ್ಟೆ ಸೇರಿತ್ತಂತೆ. ಅದು ಹಸಿ ಮಾಂಸವೋ ಬೇಯಿಸಿದ್ದೋ ಎಂದು ನೀವೇ ಹೇಳಬೇಕು.

ನಮ್ಮ ಮನೆಯ ಪದ್ಧತಿಯನ್ನು ಮೊದಲು ತಿಳಿಸುತ್ತೇನೆ. ಕಾವಲಿಗೆ ನಾಯಿ ಸಾಕಲು ಅಡ್ಡಿಯಿಲ್ಲ, ಆದರೆ ಅದರ ಜೊಲ್ಲು ನಮಗೆ ಅಶುದ್ಧ. ಕೈಗೋ ಪಾತ್ರೆಗೋ ತಾಗಿದರೆ ಏಳು ಸಲ ತೊಳೆಯಬೇಕು, ಅದರಲ್ಲಿ ಒಂದು ಸಲ ಮಣ್ಣು ಕಲಸಿದ ನೀರಿನಿಂದ. ಬುಟ್ಟಿ ಇಳಿದ ಕೂಡಲೇ ನನ್ನ ಉಮ್ಮ ಆಸ್ಯಾ ಹೊಸ್ತಿಲಲ್ಲಿ ನಿಂತು ಹೇಳಿಯಾಯಿತು: "ಅದು ಅಂಗಳದಲ್ಲಿ ಇರಲಿ, ನನ್ನದೇನೂ ತಕರಾರಿಲ್ಲ. ಅದರ ಬಾಯಿ ತಾಗಿದ ಒಂದು ಚಿಪ್ಪು ಸಹ ನನ್ನ ಅಡುಗೆಮನೆಗೆ ಬರಬಾರದು." ಅದಕ್ಕೆ ನಾನು ಅಡಿಕೆ ಹಾಳೆಯನ್ನು ತುಂಡು ಮಾಡಿ ಅದರಲ್ಲಿ ಊಟ ಹಾಕಿ, ಉದ್ದದ ಬಿದಿರ ಕೋಲಿನಿಂದ ಅವನ ಮುಂದೆ ದೂಡುತ್ತೇನೆ. ಉಂಡ ಮೇಲೆ ಹಾಳೆ ಒಲೆಗೆ.

ಈಗ ನಮಗೆ ರಂಜಾನ್ ಉಪವಾಸ. ಉಪವಾಸದ ಬಾಯಿಯಲ್ಲಿ ಮಾಂಸವನ್ನು ರಕ್ತ ಹೋಗುವ ತನಕ ನೀರು ಬದಲಿಸಿ ಬದಲಿಸಿ ತೊಳೆದು, ಸ್ವಲ್ಪ ಉಪ್ಪು, ಅರಿಶಿನ ಹಚ್ಚಿ ಕೊಟ್ಟೆ. ಅವನು ಮೂಸಿ ನೋಡಿ ಆ ಕಡೆ ತಿರುಗಿ ಮಲಗಿದ. ಗಂಜಿಯ ರುಚಿ ಇರುವ ತನಕ ಮಾಂಸ ಮುಟ್ಟಲಿಕ್ಕಿಲ್ಲವೆಂದು ಗಂಜಿಯನ್ನು ಒಮ್ಮೆಗೇ ನಿಲ್ಲಿಸಿದೆ. ಹಸಿವು ತಡೆಯದೆ ಕೊನೆಗೆ ಗಬಗಬ ನುಂಗಿದ, ನುಂಗಿದ್ದನ್ನೆಲ್ಲ ಕೊಬ್ಬರಿಯ ಮೇಲೆ ಕಾರಿದ. ನನ್ನ ತಂದೆ, ನಮ್ಮ ಉಪ್ಪ, ಆ ಕೊಬ್ಬರಿಯನ್ನು ಬೇರೆ ಗೋಣಿಗೆ ಹಾಕಿಸಿದರು.

ನನ್ನಿಂದ ಆಗುವುದಿಲ್ಲವೆಂದು ನಾನು ಬರೆಯುತ್ತಿಲ್ಲ. ಹೇಗೆಂದು ಕೇಳುತ್ತಿದ್ದೇನೆ.

ರಾಬಿಯಾ


ಅಜೆಕಾರು
೨೦-೮-೧೯೭೮

ರಾಬಿಯಾ ಅವರಿಗೆ,

ಅರಿಶಿನ ಯಾಕೆ ಹಚ್ಚಿದಿರಿ? ಅವನೇನು ಮದುಮಗನೇ?

ಉಪ್ಪು ಬೇಡ, ಅರಿಶಿನ ಬೇಡ. ರಕ್ತವೆಲ್ಲ ಹೋಗುವ ಹಾಗೆ ತೊಳೆದರೆ ಅದರ ಸತ್ವವೂ ಹೋಗುತ್ತದೆ, ವಾಸನೆಯೂ ಹೋಗುತ್ತದೆ. ವಾಸನೆಯಿಲ್ಲದ್ದನ್ನು ನಾಯಿ ಊಟವೆಂದು ಒಪ್ಪುವುದಿಲ್ಲ. ಗಂಜಿಯನ್ನು ಒಮ್ಮೆಗೇ ನಿಲ್ಲಿಸಿದ್ದೂ ತಪ್ಪು. ಪುನಃ ಮೊದಲಿನಿಂದ ಶುರು ಮಾಡಿ, ನಿಧಾನವಾಗಿ. ಮಾಂಸವನ್ನು ಸಣ್ಣಗೆ ಕೊಚ್ಚಿ, ಬೆಚ್ಚಗಿನ ಗಂಜಿಯಲ್ಲಿ ಅಡಗಿಸಿ ಕೊಡಿ. ಸ್ವಲ್ಪ ಹೊತ್ತಿನಲ್ಲಿ ಉಣ್ಣದಿದ್ದರೆ ಎತ್ತಿಬಿಡಿ, ಮುಂದಿನ ಹೊತ್ತಿನ ತನಕ ಏನೂ ಇಲ್ಲ.

ಊಟದ ಮುಂದೆ ಕೂತು ಅಪ್ಪಣೆಗೆ ಕಾಯುವುದನ್ನು ನಮ್ಮಲ್ಲಿ ಮೊದಲು ಕಲಿಸುತ್ತಿದ್ದೆವು. ಬೆನ್ನಿನ ಮೇಲೆ ಕೈಯಿಟ್ಟು ಒತ್ತಿ ಕೂರಿಸಬೇಕು. ನೀವು ಮುಟ್ಟುವವರಲ್ಲವಾದ್ದರಿಂದ ಅದು ನಿಮ್ಮಿಂದ ಆಗಲಿಕ್ಕಿಲ್ಲ. ಬಿಟ್ಟುಬಿಡಿ.

ಲಾರಿಯಲ್ಲಿ ಒಂದು ಕಟ್ಟು ಅಡಿಕೆ ಹಾಳೆ ಕಳಿಸಿದ್ದೇನೆ.

ಲೂಯಿಸ್


ಕಾಪು
೨೫-೯-೧೯೭೮

ಲೂಯಿಸ್ ಪೊರ್ಬುಗಳಿಗೆ ಸಲಾಂ.

ನನ್ನಿಂದ ಆಗಲಿಕ್ಕಿಲ್ಲವೆಂದು ನೀವು ಬರೆದದ್ದು ಒಳ್ಳೆಯದಾಯಿತು. ಕ್ಯಾಪ್ಟನ್ ಈಗ ಕೂರುತ್ತಾನೆ.

ನಾನು ಮಾಡಿದ್ದು ಇಷ್ಟೇ. ಹಾಳೆಯನ್ನು ಎತ್ತರಕ್ಕೆ ಹಿಡಿದು ಸುಮ್ಮನೆ ನಿಂತೆ. ಅವನು ಹಾರಿದ, ಬೊಗಳಿದ, ನನ್ನ ಸುತ್ತ ತಿರುಗಿದ. ನನ್ನ ಕೈ ಸೋಲುವ ಮೊದಲು ಅವನ ಕತ್ತು ಸೋತಿತು. ಮೇಲೆ ನೋಡುತ್ತಾ ನೋಡುತ್ತಾ ತಾನಾಗಿಯೇ ಕೂತ. ಕೂತ ಕ್ಷಣವೇ ಹಾಳೆ ಕೆಳಗಿಟ್ಟೆ. ಈಗ ನಾನು ಅಡುಗೆಮನೆಯ ಹಿಂದಿನ ಬಾಗಿಲಿನಿಂದ ಹೊರಟರೆ ಸಾಕು, ಕೂತಿರುತ್ತಾನೆ. "ತಿನ್ನು" ಎನ್ನುವ ತನಕ ಮಾಂಸದ ಕಡೆ ಕಣ್ಣು ಸಹ ಹಾಕುವುದಿಲ್ಲ, ನನ್ನ ಮುಖವನ್ನೇ ನೋಡುತ್ತಾನೆ. ಯಾರೂ ನನ್ನನ್ನು ಅಷ್ಟು ಹೊತ್ತು ನೋಡಿದ್ದಿಲ್ಲ.

ಗಂಜಿ ಪೂರಾ ನಿಂತಿದೆ. ಪರಚಿಕೊಳ್ಳುವುದು ಇಲ್ಲ. ಮೈ ಎಣ್ಣೆ ಹಚ್ಚಿದ ಹಾಗೆ ಮಿಂಚುತ್ತದೆ. ಉಪ್ಪ ವ್ಯಾಪಾರಕ್ಕೆ ಬಂದವರಿಗೆಲ್ಲ ಮೊದಲು ಇವನನ್ನು ತೋರಿಸಿ ಆಮೇಲೆ ಕೊಬ್ಬರಿ ತೋರಿಸುತ್ತಾರೆ. ಉಮ್ಮ ಅವನ ಹೆಸರು ಹೇಳುವುದಿಲ್ಲ, "ಅದು" ಎನ್ನುತ್ತಾರೆ. ಆದರೆ ಮಧ್ಯಾಹ್ನ ನಮಾಜು ಮುಗಿಸಿ ಬಂದು, "ಅದಕ್ಕೆ ಹಾಕಿ ಆಯಿತಾ?" ಎಂದು ಕೇಳುವುದು ತಪ್ಪುವುದಿಲ್ಲ. ಸೌದಿಯ ದಮ್ಮಾಮಿನಿಂದ ನನ್ನ ಗಂಡ ಹಸನ್ ಬರೆದಿದ್ದಾರೆ, ಕಾಗದದಲ್ಲಿ ನಾಯಿಯ ಸುದ್ದಿ ಮುಗಿದ ಮೇಲೆ ಜಾಗ ಉಳಿದರೆ ನಿನ್ನ ಸುದ್ದಿಯನ್ನೂ ಬರೆ ಎಂದು.

ಸೆಲೀನ್ ಬಾಯಿಗೆ ನನ್ನ ಸಲಾಂ ತಿಳಿಸಿ.

ರಾಬಿಯಾ


ಕಾಪು
೨೨-೧೦-೧೯೭೮

ಲೂಯಿಸ್ ಪೊರ್ಬುಗಳಿಗೆ,

ಏನೋ ತಪ್ಪಾಗಿದೆ. ಕ್ಯಾಪ್ಟನ್‌ನ ಮುಂಗಾಲು ಎರಡೂ ಹೊರಕ್ಕೆ ಬಾಗಿವೆ. ಮೊದಲು ನಡೆಯುವಾಗ ಸ್ವಲ್ಪ ತೊಡರುತ್ತಿದ್ದ, ದೊಡ್ಡದಾಗುವಾಗ ಹಾಗೆಯೇ ಎಂದು ಉಪ್ಪ ಹೇಳಿದರು. ಈಗ ಏಳುವುದಕ್ಕೇ ಕಷ್ಟಪಡುತ್ತಾನೆ. ನಿನ್ನೆ ಜಗಲಿಯ ಮೆಟ್ಟಿಲು, ಒಂದೇ ಮೆಟ್ಟಿಲು, ಇಳಿಯುವಾಗ ಬಿದ್ದು ಕೂಗಿದ. ಆ ಕೂಗು ಕೇಳಿ ಉಮ್ಮ ಜಪಮಣಿ ಬಿಟ್ಟು ಓಡಿಬಂದರು. ಬಲಗಾಲನ್ನು ಈಗ ನೆಲಕ್ಕೆ ಊರುವುದಿಲ್ಲ.

ಆದರೂ ಹಾಳೆ ಕಂಡರೆ ಕೂರಲು ನೋಡುತ್ತಾನೆ. ಬೇಡ, ಮಲಗಿಕೊಂಡೇ ತಿನ್ನು ಎಂದರೆ ಅವನಿಗೆ ಅರ್ಥವಾಗುವುದಿಲ್ಲ.

ನಾನು ಯಾವುದರಲ್ಲಿ ಕಡಿಮೆ ಮಾಡಿದೆನೆಂದು ತಿಳಿಯುತ್ತಿಲ್ಲ. ಮೊಯಿದಿನಬ್ಬಕನ ಅಂಗಡಿಯಿಂದ ತೊಡೆಯ ಮಾಂಸವನ್ನೇ ತರಿಸುತ್ತೇನೆ, ನಾವು ನೆಂಟರಿಗೆ ಮಾಡುವಂಥದ್ದನ್ನೇ. ಎಲುಬಿನ ಒಂದು ಚೂರೂ ಹೋಗದ ಹಾಗೆ ನಾನೇ ಬೆರಳಿನಿಂದ ತಡವಿ ನೋಡಿ ಹಾಕುತ್ತೇನೆ. ಎಲುಬು, ಬೋಟಿ ಸಾಕೆಂದು ನೀವು ಬರೆದದ್ದು ನಮಗೆ ಖರ್ಚಾಗಬಾರದೆಂಬ ದಾಕ್ಷಿಣ್ಯದಿಂದ ಎಂದು ನನಗೆ ಆಗಲೇ ಗೊತ್ತಾಗಿತ್ತು. ಉಡುಗೊರೆ ಕೊಟ್ಟವರು ಹಾಗೆ ಹೇಳುವುದು ಅವರ ದೊಡ್ಡತನ. ಅದನ್ನೇ ಹಿಡಿದುಕೊಂಡು ಎಲುಬು ಹಾಕಿದರೆ ನಮ್ಮ ಮರ್ಯಾದೆ ಉಳಿಯುತ್ತದೆಯೇ?

ಬೇಗ ಬರೆಯಿರಿ.

ರಾಬಿಯಾ


ಅಜೆಕಾರು
೨೫-೧೦-೧೯೭೮

ರಾಬಿಯಾ ಅವರಿಗೆ,

ನಾನು ದಾಕ್ಷಿಣ್ಯದ ಮನುಷ್ಯನಲ್ಲ. ಎಲುಬು ಎಂದು ಬರೆದರೆ ಎಲುಬು.

ಬೆಳೆಯುವ ಮರಿಗೆ ಬರೀ ಮಾಂಸ ಹಾಕಿದರೆ ಹೀಗೆಯೇ ಆಗುತ್ತದೆ. ಮೈ ಮಿಂಚುತ್ತದೆ, ತೂಕ ಏರುತ್ತದೆ, ಒಳಗಿನ ಎಲುಬು ಮಾತ್ರ ಸುಣ್ಣವಿಲ್ಲದೆ ಹಸಿ ಕಡ್ಡಿಯ ಹಾಗೆ ಬಾಗುತ್ತದೆ. ಅವನು ಎಲುಬನ್ನು ತಿಂದೇ ತನ್ನ ಎಲುಬನ್ನು ಕಟ್ಟಿಕೊಳ್ಳಬೇಕು. ಬಲಗಾಲು ಬಿರುಕು ಬಿಟ್ಟಿರಬೇಕು. ಹಾರಲು ಬಿಡಬೇಡಿ, ಒಂದೇ ಕಡೆ ಕಟ್ಟಿಹಾಕಿ. ಉಡುಪಿಗೆ ಕರೆದುಕೊಂಡು ಹೋಗಿ ಪಶುವೈದ್ಯರಿಗೆ ತೋರಿಸಿ. ಇಂದಿನಿಂದಲೇ ಎಳೆಯ ಆಡಿನ ಎದೆಗೂಡನ್ನು ಜಜ್ಜಿ ಕೊಡಿ.

ಇನ್ನೊಂದು ವಿಷಯವನ್ನು ಮುಚ್ಚಿಡುವುದಿಲ್ಲ. ಇದು ಪುಟ್ಟ ಜಾತಿಯ ನಾಯಿಯಲ್ಲ. ನಾಳೆ ಅಷ್ಟು ದೊಡ್ಡ ದೇಹ ಆ ಕಾಲಿನ ಮೇಲೆ ನಿಲ್ಲಲಾರದೆ ದಿನಾಲೂ ನರಳುವುದಾದರೆ, ನಾನು ಮಾಡುವುದು ಒಂದೇ ಕೆಲಸ. ಅಂಥ ನಾಯಿಗಳನ್ನು ನಾನೇ ಮದ್ದು ಕೊಟ್ಟು ಶಾಶ್ವತವಾಗಿ ಮಲಗಿಸಿದ್ದೇನೆ, ಒಳ್ಳೊಳ್ಳೆಯ ನಾಯಿಗಳನ್ನು. ಅದು ಕ್ರೌರ್ಯವಲ್ಲ.

ನಿಮ್ಮ ಕಾಗದ ಓದಿ ನನಗೆ ಸಿಟ್ಟು ಬಂದದ್ದು ನಿಜ. ಸೆಲೀನ್ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಓದಿ ಹೇಳಿದಳು: "ಅವಳಿಗೆ ಯಾಕೆ ಬೈಯುವುದು? ಆ ಮಗು ನಾಯಿಗೆ ಊಟ ಹಾಕಿದ್ದಲ್ಲ ಮಾರಾಯ್ರೇ, ನಿಮಗೆ ಮರ್ಯಾದೆ ಮಾಡಿದ್ದು."

ಲೂಯಿಸ್


ಕಾಪು
೨೦-೧೧-೧೯೭೮

ಲೂಯಿಸ್ ಪೊರ್ಬುಗಳಿಗೆ ಸಲಾಂ.

ನಿಮ್ಮ ಕಾಗದ ಬಂದ ದಿನ ನಾನು ಅತ್ತೆ. ಅಳುವುದು ಮುಗಿದ ಮೇಲೆ ಲಾರಿ ಹೊರಡಿಸಿದೆ. ಉಪ್ಪ ಊರಲ್ಲಿರಲಿಲ್ಲ. ಡ್ರೈವರ್ ಮತ್ತು ನಾನು ಅವನನ್ನು ಗೋಣಿಯ ಸಮೇತ ಎತ್ತಿ ಬುಟ್ಟಿಗೆ ಇಳಿಸಿ ಉಡುಪಿಗೆ ಒಯ್ದೆವು.

ಡಾಕ್ಟರು ನೀವು ಹೇಳಿದ್ದನ್ನೇ ಹೇಳಿದರು. ಬಲಗಾಲಿಗೆ ಬಿದಿರಿನ ಪಟ್ಟಿ ಕಟ್ಟಬೇಕು, ಯಾರಾದರೂ ಗಟ್ಟಿಯಾಗಿ ಹಿಡಿಯಿರಿ ಎಂದರು. ಚಪ್ಪಲಿ ಕಳೆದುಕೊಂಡವನಲ್ಲವೇ, ಡ್ರೈವರ್ ಹಿಂದೆ ಸರಿದ. ಕ್ಯಾಪ್ಟನ್ ನನ್ನನ್ನೇ ನೋಡುತ್ತಿದ್ದ, "ತಿನ್ನು" ಎಂದು ಹೇಳುವುದನ್ನು ಕಾಯುವಾಗ ನೋಡುತ್ತಾನಲ್ಲ, ಹಾಗೆ. ನಾನು ರವಿಕೆಯ ತೋಳು ಮಡಚಿ ಅವನ ತಲೆಯನ್ನು ಮಡಿಲಿಗೆ ತೆಗೆದುಕೊಂಡೆ. ಕಟ್ಟುವಾಗ ಅವನು ಕೂಗಿದ, ಆದರೆ ಕಚ್ಚಲಿಲ್ಲ. ನನ್ನ ಮೊಣಕೈ ತನಕ ನೆಕ್ಕಿದ. ಪೊರ್ಬುಗಳೇ, ನಾಯಿಯ ಕಿವಿ ಅಷ್ಟು ಮೆತ್ತಗಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ಮನೆಗೆ ಬರುವಾಗ ಉಮ್ಮನಿಗೆ ಏನು ಹೇಳುವುದೆಂದು ದಾರಿಯುದ್ದಕ್ಕೂ ಯೋಚಿಸಿದೆ. ಹೇಳಬೇಕಾಗಲಿಲ್ಲ. ಅವರು ಬಾವಿಕಟ್ಟೆಯಲ್ಲಿ ನಿಂತಿದ್ದರು. ಕೊಡಪಾನ ತುಂಬಿಸಿ ಇಟ್ಟಿದ್ದರು, ಪಕ್ಕದಲ್ಲಿ ತೆಂಗಿನ ಬುಡದಿಂದ ಅಗೆದು ತಂದ ಶುದ್ಧ ಮಣ್ಣು. ನನ್ನ ಕೈ ಹಿಡಿದು ತಾವೇ ನೀರು ಹೊಯ್ದರು. ನಾನು ತಲೆ ತಗ್ಗಿಸಿದ್ದು ನೋಡಿ ಹೇಳಿದರು: "ಎಂತಕ್ಕೆ ಅಳುವುದು? ಮುಟ್ಟಬಾರದು ಎಂದು ಯಾರು ಹೇಳಿದ್ದು? ತೊಳೆಯಬೇಕು ಎಂದು ಹೇಳಿದ್ದು. ನೀರು ಉಂಟು, ಮಣ್ಣು ಉಂಟು."

ಆಮೇಲೆ ಎಲುಬಿನ ಕೆಲಸ. ಕುಂಞಾಲಿಕನ ಮನೆಯಿಂದ ಎಲುಬು ಕೇಳಿದರೆ ಪೇಟೆ ಏನನ್ನುತ್ತದೋ ಎಂದು ಇದುವರೆಗೆ ಹೆದರಿದವಳು ನಾನು. ಕೆಲಸದವರನ್ನು ಕಳಿಸಲಿಲ್ಲ, ನಾನೇ ಹೋದೆ. ಮೊಯಿದಿನಬ್ಬಕ ಕತ್ತಿ ಕೆಳಗಿಟ್ಟು ಎಲ್ಲರಿಗೂ ಕೇಳುವ ಹಾಗೆ, "ಎಂತ ರಾಬಿಯಾ, ಈ ವರ್ಷ ನಿಮ್ಮ ತೆಂಗಿನಲ್ಲಿ ಕಾಯಿ ಹಿಡಿಯಲಿಲ್ವಾ?" ಎಂದರು. ನಾನೂ ಎಲ್ಲರಿಗೂ ಕೇಳುವ ಹಾಗೆಯೇ, "ಕಾಯಿ ಹಿಡಿದಿದೆ ಕಾಕಾ, ನಾಯಿಯ ಕಾಲು ಹಿಡಿದಿಲ್ಲ. ಎದೆಗೂಡು ಕೊಡಿ, ಬೋಟಿ ಕೊಡಿ, ನಾಳೆಯೂ ಬರುತ್ತೇನೆ" ಎಂದೆ. ಅಂಗಡಿಯಲ್ಲಿ ನಕ್ಕರು. ನಗಲಿ. ಈಗ ನಾನು ಹೋಗುವ ಹೊತ್ತಿಗೆ ಅವರು ಜಜ್ಜಿಯೇ ಇಟ್ಟಿರುತ್ತಾರೆ.

ಬಕ್ರೀದಿನ ದಿನ ನೆರೆಮನೆಗಳಿಗೂ ಹೋಗಿ ಅಡುಗೆಗೆ ಹಾಕುವ ಮೊದಲೇ ಎಲುಬು ತೆಗೆದಿಡಲು ಕೇಳಿದೆ. ನಾನು ಕೇಳದ ಮನೆಗಳಿಂದಲೂ ಬಂತು. ಅಲ್ಲಿಗೆ ಯಾರು ಹೋಗಿ ಹೇಳಿದರೆಂದು ಉಮ್ಮನನ್ನು ಕೇಳಿದರೆ ಅವರಿಗೆ ಕಿವಿ ಕೇಳಿಸುವುದಿಲ್ಲ.

ಕ್ಯಾಪ್ಟನ್ ಎಲುಬು ಕಡಿಯಲು ಮೊದಲು ಹೆದರಿದ. ಈಗ ಕಣ್ಣು ಮುಚ್ಚಿಕೊಂಡು ಕಡಿಯುತ್ತಾನೆ. ಆ ಕಟಕಟ ಶಬ್ದ ಕೇಳದಿದ್ದರೆ ನನಗೆ ಊಟ ಇಳಿಯುವುದಿಲ್ಲ.

ದಯವಿಟ್ಟು ಅವನಿಗೆ ಸಮಯ ಕೊಡಿ.

ರಾಬಿಯಾ


ಅಜೆಕಾರು
೫-೧೨-೧೯೭೮

ತಂಗಿ ರಾಬಿಯಾಗೆ,

ನಿನ್ನ ಕಾಗದವನ್ನು ಸೆಲೀನ್ ಅಕ್ಕಪಕ್ಕದವರಿಗೂ ಓದಿ ಹೇಳಿದಳು. ನನ್ನ ಕೈಕೆಳಗೆ ಕೆಲಸ ಮಾಡಿದ ಎಷ್ಟೋ ಗಂಡಸರಿಗೆ ನೋವಿನಲ್ಲಿರುವ ನಾಯಿಯ ತಲೆ ಹಿಡಿಯುವ ಧೈರ್ಯ ಇರಲಿಲ್ಲ. ಅಷ್ಟು ಹೇಳಿದರೆ ಸಾಕೆಂದುಕೊಳ್ಳುತ್ತೇನೆ.

ಆದರೂ ನಾನು ಹೇಳಿದ ಮಾತು ಬದಲಾಗುವುದಿಲ್ಲ. ಎಲುಬು ಗಟ್ಟಿಯಾಗುವ ಕಾಲ ಒಂದುಂಟು, ಅದು ದಾಟಿದರೆ ಮತ್ತೆ ಆಗುವುದಿಲ್ಲ. ಜನವರಿಯಲ್ಲಿ ಅತ್ತೂರು ಇಗರ್ಜಿಯ ಹಬ್ಬ ಮುಗಿಸಿಕೊಂಡು ಬರುತ್ತೇನೆ. ಅವನು ನೋವಿಲ್ಲದೆ ನಡೆದರೆ ನಿನ್ನವನು. ಇಲ್ಲದಿದ್ದರೆ ನನಗೆ ಬಿಟ್ಟುಬಿಡು. ಆಗ ನೀನು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು.

ಲೂಯಿಸ್


ಅಜೆಕಾರು
೨-೨-೧೯೭೯

ತಂಗಿ ರಾಬಿಯಾಗೆ,

ಕಾಪುವಿನಿಂದ ಹಿಂದೆ ಬಂದು ಮನೆ ಮುಟ್ಟಿದೆ. ನಿಮ್ಮಲ್ಲಿ ತಿಂದದ್ದು ಇನ್ನೂ ಕರಗಿಲ್ಲ. ಮೊದಲ ಬಸ್ಸಿಗೆ ಬಂದವನನ್ನು ಅಂಗಳಕ್ಕೆ ಬಿಡದೆ ನೇರ ಒಳಗೆ ಕರೆದು ಕೂರಿಸಿದಿರಿ. ಪತ್ತಿರ್ ರೊಟ್ಟಿ ಮುಗಿಯಿತು ಎನ್ನುವಷ್ಟರಲ್ಲಿ ಕೋಳಿ ಗಸಿ, ಅದು ಮುಗಿದರೆ ಮೊಟ್ಟೆ, ಬಾಳೆಹಣ್ಣು, ಪುನಃ ಚಹಾ. ನಿಮ್ಮ ತಾಯಿಯವರು ಹೊರಗಿನ ಗಂಡಸಿನ ಮುಂದೆ ಬರುವವರಲ್ಲ ಎಂದು ನನಗೆ ಗೊತ್ತು. ಅಂಥವರು ಅಂಗಳದ ಬಾಗಿಲಲ್ಲಿ ನಿಂತು ನನ್ನ ಊಟ ಮುಗಿಯುವ ತನಕ ಕದಲಲಿಲ್ಲ. ಅಷ್ಟು ಮರ್ಯಾದೆಗೆ ನಾನು ಯೋಗ್ಯನಲ್ಲ ಅನಿಸಿತು, ಯಾಕೆಂದರೆ ನನ್ನ ಚೀಲದಲ್ಲಿ ಹಿರಿಯಡ್ಕದ ಕಂಪೌಂಡರನಿಂದ ತಂದ ಸೀಸೆ ಇತ್ತು. ಯಾತಕ್ಕೆಂದು ನಿನಗೆ ಹೇಳಬೇಕಾಗಿಲ್ಲ.

ಆಮೇಲೆ ಹೊರಗೆ ಬಂದೆವು. ಅವನು ಗೋಡೌನಿನ ಆಚೆಯಿಂದ ಅಂಗಳ ದಾಟಿ ನಮ್ಮ ಕಡೆ ನಡೆದುಬಂದ. ಕಾಲಿನಲ್ಲಿ ಸ್ವಲ್ಪ ಬಾಗು ಉಳಿದಿದೆ, ಉಳಿಯಲಿ, ಕುಸ್ತಿಯವನ ನಡಿಗೆ ಅದು. ನೋವು ಇಲ್ಲ. ನೋವಿರುವ ನಾಯಿ ತಲೆ ತಗ್ಗಿಸಿ ನಡೆಯುತ್ತದೆ, ಇವನು ತಲೆ ಎತ್ತಿಕೊಂಡು ಬಂದ. ನೀನು ಹಾಳೆಯಲ್ಲಿ ಎದೆಗೂಡು ಇಟ್ಟೆ. ಅವನು ಕೂತ. ನನ್ನೊಡನೆ ಮಾತನಾಡುತ್ತಾ ನೀನು ಅವನನ್ನು ಮರೆತೇಬಿಟ್ಟೆ ಅಂದುಕೊಂಡೆ, ಅಷ್ಟು ಹೊತ್ತು ಕಾಯಿಸಿದೆ. ಅವನ ಜೊಲ್ಲು ನೆಲಕ್ಕೆ ಇಳಿಯಿತೇ ಹೊರತು ಕಣ್ಣು ನಿನ್ನನ್ನು ಬಿಡಲಿಲ್ಲ. ನೀನು ಮೆಲ್ಲಗೆ "ತಿನ್ನು" ಎಂದೆ.

ನಾನು ಸರಪಣಿ, ಸೀಟಿ, ಕೈ, ಗದರಿಕೆ ಎಲ್ಲವನ್ನೂ ಬಳಸಿ ನಾಯಿಗಳನ್ನು ಪಳಗಿಸಿದೆ. ಒಂದೇ ಒಂದು ದಿನ ಮುಟ್ಟಿದ ಹೆಂಗಸಿಗೆ ನಾಯಿಯೊಂದು ಹೀಗೆ ಒಲಿದದ್ದನ್ನು ನೋಡಿದ್ದು ಇದೇ ಮೊದಲು. ನನಗೆ ಹೆಮ್ಮೆಯಾಯಿತು. ಅಲ್ಲಿ ಅದನ್ನು ಹೇಳುವ ಬದಲು ಚಹಾ ಚೆನ್ನಾಗಿತ್ತು ಎಂದು ಹೇಳಿ ಹೊರಟುಬಂದೆ.

ಹಿರಿಯಡ್ಕದಲ್ಲಿ ಇಳಿದು ಸೀಸೆಯನ್ನು ವಾಪಸು ಕೊಟ್ಟೆ. ಕ್ಯಾಪ್ಟನ್ ನಿನ್ನವನು.

ಲೂಯಿಸ್


ಕಾಪು
೨೬-೨-೧೯೭೯

ಲೂಯಿಸ್ ಅಣ್ಣನಿಗೆ ರಾಬಿಯಾಳ ಸಲಾಂ.

ನಿಮ್ಮ ಕಾಗದವನ್ನು ಉಮ್ಮನಿಗೆ ಎರಡೆರಡು ಸಲ ಓದಿ ಹೇಳಬೇಕಾಯಿತು. ಉತ್ತರ ತಡವಾದದ್ದು ಬೇಕೆಂದೇ. ಕ್ಯಾಪ್ಟನ್ ನನ್ನವನು ಎಂದು ನೀವು ಬರೆದುಕೊಟ್ಟ ಮೇಲೆ, ನಿಮಗೊಂದು ನಿಜ ಹೇಳದೆ ಅವನನ್ನು ಇಟ್ಟುಕೊಳ್ಳಲು ಮನಸ್ಸು ಒಪ್ಪಲಿಲ್ಲ. ಹೇಳಲು ಧೈರ್ಯವೂ ಇರಲಿಲ್ಲ.

ನಿಮ್ಮ ಚೀಲದಲ್ಲಿ ಎಂಥದ್ದು ಇತ್ತೆಂದು ನನಗೆ ಗೊತ್ತಿತ್ತು. ಬಸ್ಸಿನಿಂದ ಇಳಿದವರು ಚೀಲವನ್ನು ಉಪ್ಪನ ಕೈಗೂ ಕೊಡಲಿಲ್ಲ, ಉಣ್ಣುವಾಗ ತೊಡೆಗೆ ತಾಗಿಸಿ ಇಟ್ಟುಕೊಂಡಿರಿ.

ರಾತ್ರಿ ಕಾವಲು ಕಾದು ಕ್ಯಾಪ್ಟನ್ ಬೆಳಿಗ್ಗೆ ಮಲಗುತ್ತಾನೆ. ಆಗ ಮಲಗಿ ಎದ್ದರೆ ಅವನ ಬಲಗಾಲು ಮರಗಟ್ಟಿದ ಹಾಗೆ ಇರುತ್ತಿತ್ತು. ಎದ್ದು ಮೊದಲು ಬೀಳುತ್ತಿದ್ದ, ಆಮೇಲೆ ಕುಂಟುತ್ತಿದ್ದ, ಅಂಗಳದಲ್ಲಿ ಹತ್ತಾರು ಸುತ್ತು ಬಂದ ಮೇಲೆ ಸರಿಯಾಗುತ್ತಿದ್ದ. ದಿನದಿಂದ ದಿನಕ್ಕೆ ಅದು ಕಡಿಮೆಯಾಗುತ್ತಿತ್ತು, ಆದರೆ ನೀವು ಬಂದದ್ದು ಅದು ಪೂರಾ ಹೋಗುವ ಮೊದಲು. ನಿಮ್ಮ ಧ್ವನಿ ಕೇಳಿ ಅವನು ಎದ್ದ, ಬಿದ್ದ. ನಾನು ಪತ್ತಿರ್ ತಂದೆ. ಅವನು ಗೋಡೆ ಹಿಡಿದು ಕುಂಟಿದ, ನಾನು ಕೋಳಿ ಗಸಿ ತಂದೆ. ಮೊಟ್ಟೆ ಬೇಯಿಸುವ ಆಲೋಚನೆಯೇ ಇರಲಿಲ್ಲ, ಅವನಿಗೆ ಇನ್ನೂ ಎರಡು ಸುತ್ತು ಬೇಕಿತ್ತು.

ಉಮ್ಮ ಬಾಗಿಲಲ್ಲಿ ನಿಂತದ್ದು ನಿಮಗೆ ಮರ್ಯಾದೆ ಮಾಡಲು ಅಲ್ಲ. ಆ ಬಾಗಿಲಿನಿಂದ ಅಂಗಳ ಕಾಣುತ್ತದೆ. ಅವರು ಸೆರಗು ಅಗಲ ಮಾಡಿಕೊಂಡು ನಿಂತಿದ್ದರು.

ನಿಮಗೆ ಸಿಟ್ಟು ಬಂದರೆ ಬೈದು ಬರೆಯಿರಿ, ಉಮ್ಮನಿಗೂ ಸೇರಿಸಿಯೇ ಬೈಯಿರಿ. ಇಷ್ಟು ದಿನ ಕಾದು ಇವತ್ತು ಬರೆಯಲು ಕಾರಣ ಉಂಟು. ಇವತ್ತು ಬೆಳಿಗ್ಗೆ ಪೋಸ್ಟ್‌ಮ್ಯಾನ್ ಗೇಟು ತೆಗೆದದ್ದೇ ತಡ, ನಿದ್ದೆಯಲ್ಲಿದ್ದವನು ಎದ್ದದ್ದು ನಾವು ಯಾರೂ ನೋಡಲಿಲ್ಲ, ಓಡಿದ್ದು ಮಾತ್ರ ನೋಡಿದ್ದು. ಪೋಸ್ಟ್‌ಮ್ಯಾನ್ ಈಗ ಕ್ಷೇಮ. ಉಮ್ಮ ಜಗಲಿಯಿಂದಲೇ, "ಕ್ಯಾಪ್ಟನ್, ಸಾಕು, ಬಾ" ಎಂದು ಕರೆದರು. ನಾನು ಅಡುಗೆಮನೆಯಲ್ಲಿದ್ದೆ, ಸ್ಪಷ್ಟವಾಗಿ ಕೇಳಿಸಿತು.

ಇನ್ನೊಮ್ಮೆ ಬನ್ನಿ ಅಣ್ಣ, ಸೆಲೀನ್ ಬಾಯಿಯನ್ನೂ ಕರೆದುಕೊಂಡು, ಮೊದಲ ಬಸ್ಸಿಗೇ ಬನ್ನಿ. ತಿಂಡಿ ಆಮೇಲೆ ಕೊಡುತ್ತೇನೆ. ಮೊದಲು ಅಂಗಳಕ್ಕೆ ಬನ್ನಿ.

ನಿಮ್ಮ ತಂಗಿ,
ರಾಬಿಯಾ